27ನೇ ಕ್ರಾಸ್ ಎಲ್ಲಿ ಬಿದ್ದುಹೋಯಿತು?

ಜಯನಗರದಲ್ಲಿ ಬ್ಲಾಕು, ಜೆ.ಪಿ. ನಗರದಲ್ಲಿ ಫೇಸು, ಬನಶಂಕರಿಯಲ್ಲಿ ಸ್ಟೇಜು. ಬಿ.ಟಿ.ಎಂ. ಲೇಔಟಿನವರಂತೂ ಬೈರಸಂದ್ರ, ತಾವರೆಕೆರೆ, ಮಡಿವಾಳ ಮೂರನ್ನೂ ಹೆಸರಿನಲ್ಲೇ ಹೊತ್ತವರು. ಮೇನು, ಕ್ರಾಸುಗಳಲ್ಲಿ ಒಂದನ್ನು ಬಿಟ್ಟರೂ ಆಟೋ ಇನ್ನೆಲ್ಲೋ ನಿಲ್ಲುತ್ತದೆಂದು ಇಲ್ಲಿನ ಮಕ್ಕಳಿಗೂ ಗೊತ್ತು. ನಮ್ಮ ಪ್ರೋಗ್ರಾಮರ್ ಮಹಾಶಯನೂ ಇಲ್ಲೇ ಹುಟ್ಟಿ ಬೆಳೆದವನು.

ಪರಿಚಯದವರ ಹಪ್ಪಳ-ಸಂಡಿಗೆ ವ್ಯಾಪಾರಕ್ಕೆ ಒಂದು ಆರ್ಡರ್ ಪುಟ ಮಾಡಿಕೊಡಲು ಆತ ಒಪ್ಪಿಕೊಂಡ. ವಿಳಾಸ ತುಂಬಿ ಗುಂಡಿ ಒತ್ತಿದರೆ ಪುಟ ಮೊದಲು ಲಾಗಿನ್‌ಗೆ ರೀಡೈರೆಕ್ಟ್ ಆಗಬೇಕು, ಲಾಗಿನ್ ಮುಗಿಸಿ ಆರ್ಡರಿಗೆ ಮರಳಬೇಕು. ಅದಕ್ಕಾಗಿ ಆತ ಹೊಸೆದ ಲಿಂಕು ಹೀಗಿತ್ತು:

/ಲಾಗಿನ್?ಮುಂದೆ=/ಆರ್ಡರ್?ಬ್ಲಾಕ್=4&ಮೇನ್=11&ಕ್ರಾಸ್=27

ಪರೀಕ್ಷೆಗೆ ಅಮ್ಮನನ್ನೇ ಕೂರಿಸಿದ. ಅಮ್ಮ ಕನ್ನಡಕ ಏರಿಸಿ, ವಿಳಾಸ ತುಂಬಿ, ಪಾಸ್‌ವರ್ಡ್ ಒತ್ತಿ, ಪರದೆ ನೋಡಿದರು. ಮತ್ತೆ ನೋಡಿದರು.

"ಏನೋ ಇದು, ಬರೀ ನಾಲ್ಕನೇ ಬ್ಲಾಕ್ ಅಂತಿದೆ? ಸಂಡಿಗೆ ಇಸ್ಕೊಳೋಕೆ ನಾನು ಜಯನಗರ ಕಾಂಪ್ಲೆಕ್ಸ್ ಹತ್ರ ನಿಂತಿರ್ಬೇಕಾ?"

ಮಹಾಶಯ ವಿವರಿಸಲು ಕೂತ. ಹೊರಗಿನ ಲಿಂಕಿನ ಒಳಗೆ ಇನ್ನೊಂದು ಲಿಂಕಿದೆ; ಆದರೆ & ಕಂಡ ಕೂಡಲೇ ಸರ್ವರ್ "ಇದು ನನ್ನದೇ ಮುಂದಿನ ಪ್ಯಾರಾಮೀಟರ್" ಅಂದುಕೊಳ್ಳುತ್ತದೆ. ಬ್ಲಾಕ್ ಮಾತ್ರ ‘ಮುಂದೆ’ಯ ಜೊತೆ ಉಳಿಯಿತು. ಹನ್ನೊಂದನೇ ಮೇನು, ಇಪ್ಪತ್ತೇಳನೇ ಕ್ರಾಸು ಲಾಗಿನ್ ಪುಟದ ಪಾಲಾದವು. ಪಾಪ, ಪಾಸ್‌ವರ್ಡ್ ಕೇಳುವುದಷ್ಟೇ ಅದರ ಕೆಲಸ. ಮೇನು-ಕ್ರಾಸು ಕಟ್ಟಿಕೊಂಡು ಅದೇನು ಮಾಡೀತು? ಅಲ್ಲೇ ಬಿಟ್ಟಿತು.

ಅಮ್ಮ ಪೂರ್ತಿ ಕೇಳಿಸಿಕೊಂಡರು. "ಮೂರನ್ನೂ ಒಂದು ಚೀಟೀಲಿ ಬರೆದು, ಕವರಿಗೆ ಹಾಕಿ ಅಂಟಿಸಿ ಕೊಡಕ್ಕಾಗಲ್ವೇನೋ?"

ಪರಿಹಾರ ಅದೇ! ಒಳಲಿಂಕಿನ & ಅನ್ನು %26 ಎಂದು ಬರೆದರೆ ಲಕೋಟೆ ಅಂಟಿಸಿದಂತೆ; ದಾರಿಯಲ್ಲಿ ಯಾರೂ ಬಿಚ್ಚುವುದಿಲ್ಲ. 2005ರ ಆರ್‌ಎಫ್‌ಸಿ 3986 ಎಂಬ ವೆಬ್ ವಿಳಾಸಗಳ ಮಾನದಂಡ ಈ ಶೇಕಡಾ ಚಿಹ್ನೆಯ ಪದ್ಧತಿಯನ್ನು ವಿಧಿಸಿದೆ. ಜಾವಾಸ್ಕ್ರಿಪ್ಟಿನಲ್ಲಿ ಇದಕ್ಕಿರುವ ಫಂಕ್ಷನ್‌ಗಳಲ್ಲಿ ‘ಎನ್‌ಕೋಡ್‌ಯುಆರ್‌ಐ’ & ಅನ್ನು ಮುಟ್ಟುವುದಿಲ್ಲ; ‘ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್’ ಬೇಕು.

ಉತ್ಸಾಹದಲ್ಲಿ ಮಹಾಶಯ ಲಿಂಕಿಗೆ ಬಡಾವಣೆಯ ಹೆಸರನ್ನೂ ಸೇರಿಸಿ, ಅಂಟಿಸಿದ್ದನ್ನೇ ಮತ್ತೊಮ್ಮೆ ಅಂಟಿಸಿದ. ಲಿಂಕಿನಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಕನಿಷ್ಠ ಒಂಬತ್ತು ಚಿಹ್ನೆ. ವಿಕಿಪೀಡಿಯದ ಕನ್ನಡ ಲಿಂಕನ್ನು ವಾಟ್ಸಾಪಿಗೆ ಅಂಟಿಸಿದವರೆಲ್ಲ ಆ ಮುಳ್ಳುಬೇಲಿ ನೋಡಿದ್ದಾರೆ. ‘ಜಯನಗರ’ದ ಐದಕ್ಷರಕ್ಕೆ 45 ಚಿಹ್ನೆ. ಎರಡನೇ ಸಲ ಎನ್‌ಕೋಡ್ ಮಾಡಿದರೆ ಪ್ರತಿ % ಕೂಡ %25 ಆಗಿ, 75. ಆರ್ಡರ್ ಪುಟದಲ್ಲಿ ಜಯನಗರವೇ ಇಲ್ಲ, ಬರೀ ಶೇಕಡಾ! ಅಮ್ಮ ಅಡುಗೆಮನೆಗೆ ಎದ್ದುಹೋದರು.

ಮನೆಯಲ್ಲಾದರೆ ನಗಬಹುದು. ಆದರೆ ‘ಮುಂದೆ=’ ಎಂಬ ಜಾಗದಲ್ಲಿ ಯಾರು ಯಾವ ಸೈಟು ತುರುಕಿದರೂ ಪರಿಶೀಲಿಸದೆ ಸಾಗಹಾಕುವ ಪುಟಗಳಿವೆ. ಲಿಂಕಿನ ಆರಂಭದಲ್ಲಿ ನಂಬಿಕೆಯ ಹೆಸರು, ತಲುಪುವುದು ಮೋಸಗಾರನ ಅಂಗಳ. ವೆಬ್ ಸುರಕ್ಷತೆಯ ಸಂಸ್ಥೆ ಓವಾಸ್ಪ್ 2013ರ ತನ್ನ ಹತ್ತು ಅಪಾಯಗಳ ಪಟ್ಟಿಯಲ್ಲಿ ಇದನ್ನು ಹತ್ತನೆಯದಾಗಿ ಸೇರಿಸಿತ್ತು; 2017ರಲ್ಲಿ ಕೈಬಿಟ್ಟಿತು. ಮೋಸಗಾರರು ಬಿಟ್ಟಿಲ್ಲ. ಸೈಟು ಕಟ್ಟುವವರು ‘ಮುಂದೆ’ಯಲ್ಲಿ ತಮ್ಮದೇ ಪುಟಗಳಿಗೆ ಮಾತ್ರ ಅವಕಾಶ ಕೊಟ್ಟರೆ ಮುಗಿಯಿತು, ಅಷ್ಟು ಮಾಡಲೂ ಸೋಮಾರಿತನ.

ನಿಮ್ಮ ಮನೆಯ ಹಿರಿಯರಿಗೆ ಬಿಲ್ಲು ಕಟ್ಟುವ ಲಿಂಕು ಬಂದರೆ, ಒತ್ತಿದ ಲಿಂಕಿನ ಹೆಸರನ್ನಲ್ಲ, ಕೊನೆಗೆ ಬಂದು ನಿಂತ ಪುಟದ ವಿಳಾಸವನ್ನು ಓದಿ, ಆಮೇಲೆ ಪಾಸ್‌ವರ್ಡ್ ಹಾಕಲು ಹೇಳಿಕೊಡಿ.