ನೋಡೂಣ್ರೀ ಕಾರ್ಯದರ್ಶಿ

ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಹಾವೇರಿ ಜಿಲ್ಲೆಯಲ್ಲಿ ಇನ್ನೂ ಅಪರೂಪದ ತಳಿ. ಇಲ್ಲಿ ಬಹಳಷ್ಟು ಮಂದಿಗೆ ಸ್ವಂತ ಅಂಗಳವಿದೆ. ಸ್ಕೂಟರಿನ ವೈರನ್ನು ಪಡಸಾಲೆಯ ಪ್ಲಗ್ಗಿಗೆ ಸಿಕ್ಕಿಸಿ ಮಲಗುತ್ತಾರೆ. ಅಪಾರ್ಟ್‌ಮೆಂಟ್ ಎದ್ದ ಕಡೆ ಮಾತ್ರ ಈ ಪದವಿ ಹುಟ್ಟುತ್ತದೆ, ‘ಬೇಡ’ ಎನ್ನಲು ತಡಮಾಡಿದ ನಿವೃತ್ತರ ಕೊರಳಿಗೆ ಬೀಳುತ್ತದೆ. ಯಾರೋ ವಿದ್ಯುತ್ ಕಾರು ಕೊಂಡು ಚಾರ್ಜಿಂಗಿಗೆ ಒಪ್ಪಿಗೆ ಕೇಳಿದಾಗ ಇವರ ನಿಜರೂಪ ಹೊರಬೀಳುತ್ತದೆ.

ಲಕ್ಷಣ ಊರಿಂದ ಊರಿಗೆ ಬೇರೆ. ರಾಣೆಬೆನ್ನೂರಿನ ಕಾರ್ಯದರ್ಶಿ ಬೀಜದ ವ್ಯಾಪಾರ ಮಾಡಿದವರು, ಯೂನಿಟ್ಟಿನ ಲೆಕ್ಕ ಕೇಳುತ್ತಾರೆ. ಬ್ಯಾಡಗಿಯವರಿಗೆ ಬೆಂಕಿಯ ಭಯ. ಮೆಣಸಿನಕಾಯಿ ಗೋದಾಮಿಗೆ ಕಿಡಿ ತಾಗಿದರೆ ಊರಿಗೆ ಊರೇ ಕೆಮ್ಮುತ್ತದೆ, ಹಾಗಾಗಿ ನಗುವಂತಿಲ್ಲ. 1997ರಲ್ಲಿ ಜಿಲ್ಲಾಕೇಂದ್ರವಾದ ಹಾವೇರಿಯವರು ಮಾತ್ರ ಫೈಲಿನವರು. ಕಚೇರಿ ಬಿಟ್ಟರೂ ಕಚೇರಿ ಅವರನ್ನು ಬಿಟ್ಟಿಲ್ಲ.

ಹಾವೇರಿ ಮಾದರಿಯ ಬಾಯಲ್ಲಿ ‘ಆಗೂದಿಲ್ಲ’ ಬರುವುದಿಲ್ಲ, ‘ನೋಡೂಣ್ರೀ’ ಬರುತ್ತದೆ. ಇಂಥವರ ಕೈಗೆ ಸಿಕ್ಕ ಅರ್ಜಿದಾರನೊಬ್ಬ (ಹೆಸರು ಬೇಡ, ಆ ಪದ ಕೇಳಿದರೆ ಅವನು ಈಗಲೂ ಹಲ್ಲು ಕಡಿಯುತ್ತಾನೆ) ತನ್ನದೇ ಮೀಟರಿನಿಂದ ತಂತಿ ಎಳೆದು, ತನ್ನದೇ ಖರ್ಚಿನಲ್ಲಿ 16 ಆಂಪಿಯರಿನ ಸಾಕೆಟ್ ಹಾಕಿಸಿಕೊಳ್ಳುವೆನೆಂದ. ಮೊದಲ ತಿಂಗಳು ಅರ್ಜಿ ‘ಸ್ವೀಕೃತ’ವಾಯಿತು. ಮರುತಿಂಗಳು ಹೆಸ್ಕಾಂನವರನ್ನೊಂದು ಮಾತು ಕೇಳಬೇಕೆಂದಾಯಿತು. ಆಮೇಲೆ ಸರ್ವಸದಸ್ಯರ ಸಭೆ: ಹನ್ನೆರಡು ಮನೆಯಿಂದ ನಾಲ್ವರು ಬಂದರು, ಚಹಾ ಬಂತು, ಕೋರಂ ಬರಲಿಲ್ಲ. ಮನೆಯ ಈಗಿನ ಸಂಪರ್ಕದಿಂದಲೇ ವಾಹನ ಚಾರ್ಜ್ ಮಾಡಿಕೊಳ್ಳಬಹುದೆಂಬ ಕೇಂದ್ರ ಇಂಧನ ಸಚಿವಾಲಯದ 2022ರ ಜನವರಿಯ ಮಾರ್ಗಸೂಚಿಯನ್ನು ಅರ್ಜಿದಾರ ಮುದ್ರಿಸಿ ತಂದ. ಕಾರ್ಯದರ್ಶಿ ಕನ್ನಡಕ ಏರಿಸಿ ಕೊನೆಯ ಸಾಲಿನವರೆಗೆ ಓದಿದರು, ಎರಡು ತೂತು ಹೊಡೆದರು, ಟ್ಯಾಗ್ ಪೋಣಿಸಿ ಫೈಲಿಗೆ ಕಟ್ಟಿದರು. “ಚಲೋ ಐತ್ರಿ. ನೋಡೂಣ್ರೀ.” ದೇಶಕ್ಕೇ ಮೊದಲು, 2017ರಲ್ಲಿ, ವಿದ್ಯುತ್ ವಾಹನ ನೀತಿ ತಂದದ್ದು ನಮ್ಮ ರಾಜ್ಯವೆಂದೂ ಅರ್ಜಿದಾರ ಬೀಗಿದ. ಬೀಗಬಾರದಿತ್ತು, ಅದರದೂ ಒಂದು ಪ್ರತಿ ಬೇಕೆಂದಾಯಿತು.

ಇದು ಹಟವಲ್ಲ. ಸಹಿ ಮಾಡಿದವನೇ ಸಿಕ್ಕಿಬೀಳುತ್ತಾನೆಂಬುದು ನೌಕರಿ ಕಲಿಸಿದ ಪಾಠ. ಲಿಫ್ಟ್ ನಿಂತರೆ, ಟ್ಯಾಂಕರ್ ಬರದಿದ್ದರೆ ಎಲ್ಲರೂ ಬಡಿಯುವುದು ಇವರ ಬಾಗಿಲನ್ನೇ. ಸಂಬಳವಿಲ್ಲ, ಬೈಗುಳಕ್ಕೆ ಬರವಿಲ್ಲ.

ಏಳನೆಯ ತಿಂಗಳು ಒಪ್ಪಿಗೆ ಬಂತು, ಷರತ್ತುಗಳೊಂದಿಗೆ: ಸಬ್‌ಮೀಟರ್, ಎಂಸಿಬಿ, ಹೊಸ ಅರ್ಥಿಂಗ್, ಎರಡು ಬಕೆಟ್ ಮರಳು. ಅರ್ಥಿಂಗ್ ಎಂದಾಗ ನಕ್ಕಿದ್ದ ಅರ್ಜಿದಾರ, ಹಳೆಯ ತಂತಿ ತುಕ್ಕು ತಿಂದು ತುಂಡಾದದ್ದನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಹಿಡಿದು ತೋರಿಸಿದ ಮೇಲೆ ತೆಪ್ಪಗಾದ.

ಆ ಸಾಕೆಟ್ಟಿನಲ್ಲಿ 30 ಯೂನಿಟ್ಟಿನ ಬ್ಯಾಟರಿ ತುಂಬಲು ಸುಮಾರು ಹತ್ತು ತಾಸು ಹಿಡಿಯುತ್ತದೆ. ರಾತ್ರಿ ಸಿಕ್ಕಿಸಿದ್ದು ಬೆಳಗಿನವರೆಗೂ ನಡೆಯುತ್ತಿರುತ್ತದೆ. ಐದು ಗಂಟೆಗೆ ನೀರಿನ ಮೋಟರ್ ಹಾಕಲು ಇಳಿದುಬರುವ ಕಾರ್ಯದರ್ಶಿ, ಯಾರೂ ಹೇಳದಿದ್ದರೂ, ಟಾರ್ಚ್ ಬಿಟ್ಟು ಸಬ್‌ಮೀಟರಿನ ಅಂಕಿಯನ್ನು ಕಿಸೆಯ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಮೋಟರ್ ಏಳುವಾಗ ವೋಲ್ಟೇಜ್ ಬೀಳುತ್ತದೆಂದು ಕಾರಿನ ಸ್ವಿಚ್ ಆರಿಸಿ, ಅದು ಸರಿಯಾಗಿ ತಿರುಗತೊಡಗಿದ ಮೇಲೆ ಮತ್ತೆ ಹಾಕುತ್ತಾರೆ.