ಜುಟ್ಟಿಗೆ ಮಲ್ಲಿಗೆ

ಹೋದ ತಿಂಗಳು ನಮ್ಮ ತಂಡದಲ್ಲಿ ಎರಡು ದಿನ ಕೋಡ್ ಬರೆಯುವ ಕೆಲಸ ನಿಂತಿತ್ತು. ಸರ್ವರ್ ಕೆಟ್ಟಿರಲಿಲ್ಲ. ಗಿಟ್ ಕಮಿಟ್ ಸಂದೇಶದ ತಲೆಗೆ ಯಾವ ಎಮೋಜಿ ಮುಡಿಸಬೇಕು ಎಂಬ ಚರ್ಚೆ ನಡೆದಿತ್ತು.

ಕೋಡ್‌ನ ಬದಲಾವಣೆಗಳ ಲೆಕ್ಕವಿಡುವ ಬಿಟ್‌ಕೀಪರ್‌ನ ಬಿಟ್ಟಿ ಬಳಕೆ ತಪ್ಪಿಹೋದಾಗ, 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಕರ್ನಲ್‌ಗಾಗಿ ಅದೇ ಕೆಲಸ ಮಾಡುವ ಗಿಟ್ ಕಟ್ಟಿದರು. ಸಾಲು ಬದಲಿಸಿದವನು ಯಾಕೆ ಬದಲಿಸಿದೆ ಎಂದು ಸಂದೇಶದಲ್ಲಿ ಬರೆಯಬೇಕು ಅನ್ನುವುದು ಆ ಮಠದ ಸಂಪ್ರದಾಯ. ಹಳೇ ಸಂಪ್ರದಾಯ, ಬಿಡಿ. ಈಗ ಗಿಟ್‌ಮೋಜಿ ಎಂಬ ಪಂಚಾಂಗವಿದೆ. ದೋಷ ತಿದ್ದಿದರೆ ಹುಳ, ಹೊಸ ಸೌಲಭ್ಯಕ್ಕೆ ಮಿನುಗುತಾರೆ, ಪುಟದ ಅಂದ ಹೆಚ್ಚಿಸಿದರೆ ಲಿಪ್‌ಸ್ಟಿಕ್, ತುರ್ತು ರಿಪೇರಿಗೆ ಆಂಬುಲೆನ್ಸ್. ಕುಡಿದು ಬರೆದ ಕೋಡ್‌ಗೆ ಬಿಯರ್ ಮಗ್ಗು. ತಮಾಷೆಯಲ್ಲ, ಪಟ್ಟಿಯಲ್ಲೇ ಇದೆ. ಕೋಡ್ ಅಳಿಸಿದರೆ ಬೆಂಕಿ. ಹೊಸದಾಗಿ ಸೇರಿದ ಹುಡುಗಿ ಲಾಗ್‌ನಲ್ಲಿ ಬೆಂಕಿ ಕಂಡು ಗಾಬರಿಯಾಗಿ ಓಡಿ ಬಂದಳು. ಯಾರೋ ಒಂದು ಹಳೇ ಫೈಲ್ ಗುಡಿಸಿ ಹಾಕಿದ್ದರು, ಅಷ್ಟೆ.

ಕೈಯಾರೆ ಮುಡಿಸುವುದು ಶ್ರಮವೆಂದು ಆ ಕೆಲಸವನ್ನು ಹುಕ್‌ಗೆ, ಅಂದರೆ ಕಮಿಟ್ ಮಾಡುವಾಗ ತಾನಾಗಿ ಓಡುವ ಸ್ಕ್ರಿಪ್ಟಿಗೆ, ವಹಿಸಿದೆವು. ಸಂದೇಶದಲ್ಲಿ 'ಫಿಕ್ಸ್' ಕಂಡರೆ ಹುಳ ಬಿಡು, 'ಆಡ್' ಕಂಡರೆ ತಾರೆ ಹಚ್ಚು. ಸ್ಕ್ರಿಪ್ಟಿಗೆ ಅಕ್ಷರ ಗೊತ್ತು, ಅರ್ಥ ಗೊತ್ತಿಲ್ಲ. 'ಪ್ರಿಫಿಕ್ಸ್' ಬದಲಿಸಿದವನಿಗೂ ಹುಳ ಬಿತ್ತು. 'ಅಡ್ರೆಸ್' ಕಾಲಂ ಕಿತ್ತೆಸೆದವನಿಗೆ ತಾರೆಗಳ ಸನ್ಮಾನವಾಯಿತು. ಇಂಗ್ಲಿಷಿನಲ್ಲಿ ಆ ಪದದ ಮೊದಲ ಮೂರಕ್ಷರ 'ಆಡ್' ತಾನೇ! ಇನ್ನು, ರೆಪೊ ಕ್ಲೋನ್ ಮಾಡಿದರೆ ಹುಕ್ ಜೊತೆಗೆ ಬರುವುದಿಲ್ಲ. ಹಾಗಾಗಿ ಹೊಸಬರ ಕಮಿಟ್‌ಗಳೆಲ್ಲ ಬೋಳುಬೋಳಾಗಿ ಬಂದವು. 'ತಂಡದ ಸಂಸ್ಕೃತಿಗೆ ಹೊಂದಿಕೊಂಡಿಲ್ಲ' ಎಂದು ಅವರ ಅಪ್ರೈಸಲ್‌ನಲ್ಲಿ ಸೇರಿತು.

ಮೊನ್ನೆ ರಾತ್ರಿ ಎರಡು ಗಂಟೆಗೆ ಬಿಲ್ಲುಗಳ ಮೇಲೆ ಜಿಎಸ್‌ಟಿ ಎರಡೆರಡು ಸಲ ಬೀಳತೊಡಗಿತು. ಲಾಗ್ ತೆಗೆದೆ. 'ಫಿಕ್ಸ್', 'ಫಿಕ್ಸ್ ಅಗೇನ್', 'ಫೈನಲ್ ಫಿಕ್ಸ್', 'ಫೈನಲ್ ಫಿಕ್ಸ್ 2'. ಒಂದೊಂದರ ಮುಂದೂ ಹುಳವಿರಬೇಕಿತ್ತು. ಸರ್ವರಿನ ಹಳೇ ಟರ್ಮಿನಲ್‌ನಲ್ಲಿ ಅದರ ಫಾಂಟ್ ಇಲ್ಲದೆ ನನಗೆ ಕಂಡದ್ದು ಖಾಲಿ ಚೌಕಗಳು. ತೆರಿಗೆಯ ಸಾಲನ್ನು ಯಾಕೆ ಮುಟ್ಟಿದರೆಂದು ಎಲ್ಲೂ ಇಲ್ಲ. ಬರೆದ ಹುಡುಗ ನೋಟಿಸ್ ಪೀರಿಯಡ್‌ನಲ್ಲಿದ್ದ. ಫೋನ್ ಮಾಡಿ ಎಬ್ಬಿಸಿದೆ.

"ಹುಳ ಬಂದಿತ್ತಲ್ಲ ಸರ್," ಎಂದ ಆಕಳಿಸುತ್ತ. "ಕಾಣ್ಲಿಲ್ವಾ?"