ಬೀಗರು ಬಂದರು, ಗುಂಡಿ ತುಂಬಿತು!

ತಿಂಥಣಿಯಲ್ಲಿ ಮೌನೇಶ್ವರನ ಜಾತ್ರೆ ಬಂತೆಂದರೆ ಬೀಗರು ಹೇಳದೆ ಕೇಳದೆ ಬರುತ್ತಾರೆ. ರೊಟ್ಟಿ, ಶೇಂಗಾ ಚಟ್ನಿ ಸಾಲುತ್ತದೋ ಇಲ್ಲವೋ ಎಂದು ಚಡಪಡಿಸುವ ಯಜಮಾನ ಹಿತ್ತಲಿನ ಸೆಪ್ಟಿಕ್ ಟ್ಯಾಂಕಿನ ಹೊಟ್ಟೆಯಲ್ಲಿ ಜಾಗ ಇದೆಯೋ ಎಂದು ನೋಡುವುದಿಲ್ಲ.

ಪಾಪ, ಅಲ್ಲಿ ಕೆಸರು ತಳಕ್ಕೆ, ಜಿಡ್ಡು ಮೇಲಕ್ಕೆ, ನಡುವಿನ ನೀರು ಇಂಗುಗುಂಡಿಗೆ. ಸೂಕ್ಷ್ಮಾಣುಗಳು ಸಂಬಳವಿಲ್ಲದೆ ದುಡಿಯುತ್ತವೆ. ನಾವೋ ಬಕೆಟ್‌ಗಟ್ಟಲೆ ಫಿನೈಲ್, ಆ್ಯಸಿಡ್ ಸುರಿದು ಅವನ್ನೇ ಕೊಂದು, ‘ಯಾಕ ಇಷ್ಟು ನಾರತದ?’ ಎಂದು ಮೂಗು ಮುಚ್ಚುತ್ತೇವೆ.

ಎರಡು-ಮೂರು ವರ್ಷಕ್ಕೊಮ್ಮೆ ಸಕ್ಕಿಂಗ್ ಯಂತ್ರ ಕರೆಸಿರಿ. ರಕ್ಷಣಾ ಸಾಧನವಿಲ್ಲದೆ ಮನುಷ್ಯರನ್ನು ಒಳಗಿಳಿಸುವುದು 2013ರ ಮಲಹೊರುವ ಪದ್ಧತಿ ನಿಷೇಧ ಕಾಯ್ದೆಯಂತೆ ಅಪರಾಧ. ತುಂಬಿ ಹರಿಯುವುದು ಪಕ್ಕದ ಕೃಷ್ಣೆಗೆ ಚೆಂದ, ನಮ್ಮ ಗುಂಡಿಗಲ್ಲ.